ಸ್ಕ್ರಬ್ ಟೈಫಸ್: ಮೊದಲ ವಾರದ ರಕ್ತದಲ್ಲಿ ರೋಗಾಣು ಹುಡುಕುವ ಲೆಕ್ಕ

ನಮ್ಮೂರು ಜಗಳೂರು ತಾಲ್ಲೂಕು. ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಚಿಕ್ಕಮ್ಮನಿಗೆ ಜ್ವರ ಬಂತು, ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್. 3ನೇ ದಿನ ಐಜಿಎಂ ಎಲೈಸಾ (ಸೋಂಕಿಗೆ ದೇಹ ಮೊದಲು ಮಾಡುವ ಐಜಿಎಂ ಪ್ರತಿಕಾಯ ಹುಡುಕುವ ರಕ್ತ ಪರೀಕ್ಷೆ) ನೆಗೆಟಿವ್, 9ನೇ ದಿನ ಪಾಸಿಟಿವ್. ಇದು ಯಾಕೆ ಹೀಗೆ ಎಂದು ಬಿಡಿಸಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ದಾವಣಗೆರೆಯಲ್ಲಿ ನನ್ನ ಜೊತೆ ಮೈಕ್ರೋಬಯಾಲಜಿ ಓದುವವರಿಗೂ ಬೇಕಾಗುತ್ತದೆಂದು ಬರೆದಿಡುತ್ತಿದ್ದೇನೆ.

ರೋಗಾಣು ಓರಿಯೆಂಟಿಯಾ ಸುಟ್ಸುಗಮುಶಿ. 1995ರವರೆಗೆ ರಿಕೆಟ್ಸಿಯಾ ಕುಲದಲ್ಲಿತ್ತು, ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಸಿಗುತ್ತದೆ. ಹರಡುವುದು ನುಸಿಯ ಮರಿ. ಹೊಸದುರ್ಗದ ಕಡೆ ಕಾಣುವ ತೆಂಗಿನ ನುಸಿಯಲ್ಲ, ಪೊದೆ-ಹುಲ್ಲಿನಲ್ಲಿರುವ ಲೆಪ್ಟೋಟ್ರಾಂಬಿಡಿಯಂ. ಕಚ್ಚಿದ 6ರಿಂದ 21 ದಿನದೊಳಗೆ ಜ್ವರ. ವೈಲ್-ಫೆಲಿಕ್ಸ್ ಎಂಬ ಹಳೆಯ ಪ್ರತಿಕಾಯ ಪರೀಕ್ಷೆಯಲ್ಲಿ ಓಎಕ್ಸ್-ಕೆ (ಪ್ರೋಟಿಯಸ್ ಬ್ಯಾಕ್ಟೀರಿಯಾದ ಒಂದು ತಳಿ) ಜೊತೆ ರೋಗಿಯ ಸೀರಂ ಅಂಟಿಕೊಳ್ಳುತ್ತದೆಯೇ ನೋಡುತ್ತೇವೆ. ಅಗ್ಗ, ಆದರೆ ಎಷ್ಟೋ ರೋಗಿಗಳನ್ನು ಬಿಟ್ಟುಬಿಡುತ್ತದೆ.

ಎಲೈಸಾ ಹಿಡಿಯುವುದು ರೋಗಾಣುವನ್ನಲ್ಲ, ದೇಹ ಅದಕ್ಕೆ ತೋರಿದ ಉತ್ತರವನ್ನು. ಐಜಿಎಂ ಸಾಕಷ್ಟು ಏರಲು ಸುಮಾರು ಒಂದು ವಾರ ಬೇಕು. ಹಾಗಾಗಿ 3ನೇ ದಿನದ ನೆಗೆಟಿವ್‌ಗೆ ‘ರೋಗವಿಲ್ಲ’ ಎಂಬ ಅರ್ಥವಿಲ್ಲ. ಮೊದಲ ವಾರಕ್ಕೆ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎಯನ್ನೇ ಹೆಚ್ಚಿಸಿ ಹುಡುಕುವ ಪರೀಕ್ಷೆ, ಬೇಕು. ಇಲ್ಲಿಯವರೆಗೆ ಸುಲಭ.

ನಾನು ಎಡವಿದ್ದು ಮುಂದೆ. ಎಲೈಸಾಗೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹೇಗೂ ತೆಗೆದಿರುತ್ತೇವೆ, ಪಿಸಿಆರ್‌ಗೂ ಅದನ್ನೇ ಹಾಕಿದರಾಯಿತು ಎಂದುಕೊಂಡಿದ್ದೆ. ಆದರೆ ಓರಿಯೆಂಟಿಯಾ ಬದುಕುವುದು ಜೀವಕೋಶದ ಒಳಗೆ. ಸೀರಂ ತೆಗೆಯುವಾಗ ಕೋಶಗಳನ್ನೆಲ್ಲ ಗಡ್ಡೆಯ ಜೊತೆ ಕೆಳಗೆ ಬಿಡುತ್ತೇವೆ. ಹುಡುಕಬೇಕಾದದ್ದನ್ನೇ ಎಸೆದ ಹಾಗೆ.

ಲೆಕ್ಕ ಹಾಕಿ ನೋಡಿ, ಸಂಖ್ಯೆಗಳು ಉದಾಹರಣೆಗೆ ಮಾತ್ರ. 1 ಎಂಎಲ್ ರಕ್ತದಲ್ಲಿ 50 ರೋಗಾಣು ಇವೆ ಅನ್ನೋಣ. 200 ಮೈಕ್ರೋಲೀಟರ್ ರಕ್ತದಿಂದ ಡಿಎನ್‌ಎ ತೆಗೆದು 100 ಮೈಕ್ರೋಲೀಟರ್‌ಗೆ ಇಳಿಸಿ, ಅದರಲ್ಲಿ 5 ಮಾತ್ರ ಪಿಸಿಆರ್‌ಗೆ ಹಾಕುತ್ತೇವೆ. ಅಂದರೆ ಯಂತ್ರ ನಿಜವಾಗಿ ನೋಡುವುದು 10 ಮೈಕ್ರೋಲೀಟರ್ ರಕ್ತ. ಅದರಲ್ಲಿ ಸರಾಸರಿ 0.5 ರೋಗಾಣು! ಪಾಯ್ಸನ್ (ಅಪರೂಪದ ಘಟನೆಗಳ ಸಂಭವನೀಯತೆಯ ಸೂತ್ರ) ಪ್ರಕಾರ 100ರಲ್ಲಿ ಸುಮಾರು 60 ಬಾರಿ ಟ್ಯೂಬ್ ಖಾಲಿ. ಪ್ರೈಮರ್ (ಬೇಕಾದ ಜೀನನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಎಷ್ಟೇ ಚೆನ್ನಾಗಿದ್ದರೂ ಖಾಲಿ ಟ್ಯೂಬಿನಿಂದ ಏನೂ ಬರದು.

ಈಗ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಹಾಕಿದ 2 ಎಂಎಲ್ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಕೆಂಪು ಕೋಶ ಮತ್ತು ಪ್ಲಾಸ್ಮಾದ ನಡುವಿನ ಬೆಳ್ಳನೆಯ ತೆಳುಪದರ, ಅಂದರೆ ಬಫಿ ಕೋಟ್, 200 ಮೈಕ್ರೋಲೀಟರ್‌ನಷ್ಟು ತೆಗೆಯಿರಿ. ರೋಗಾಣುವಿರುವ ಬಿಳಿ ಕೋಶಗಳೆಲ್ಲ ಅಲ್ಲಿ ಸೇರಿದರೆ 10 ಪಟ್ಟು ದಟ್ಟ. ಟ್ಯೂಬಿಗೆ ಸರಾಸರಿ 5 ರೋಗಾಣು, ಖಾಲಿ ಹೋಗುವ ಸಂಭವ ಶೇ. 1ಕ್ಕಿಂತ ಕಡಿಮೆ. ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ವಸ್ತು ಹೆಪಾರಿನ್ ಇರುವ ಟ್ಯೂಬ್ ಬೇಡ, ಅದು ಪಿಸಿಆರ್ ಅನ್ನು ತಡೆಯುತ್ತದೆ.

ಜೀನ್ ಆಯ್ಕೆಗೂ ಇದೇ ಲೆಕ್ಕ. ರೋಗಾಣುವಿನ 56 ಕಿಲೋಡಾಲ್ಟನ್ ತೂಕದ ಪ್ರೋಟೀನಿನ ಜೀನ್ ತಳಿಯಿಂದ ತಳಿಗೆ ಬದಲಾಗುತ್ತದೆ, 47 ಕಿಲೋಡಾಲ್ಟನ್ ಪ್ರೋಟೀನಿನದ್ದು ಅಷ್ಟಿಲ್ಲ. ಟ್ರಾ-ಡಿ ಎಂಬ ಜೀನ್ ಒಂದೇ ರೋಗಾಣುವಿನಲ್ಲಿ ಹಲವು ಪ್ರತಿಗಳಲ್ಲಿರುವುದರಿಂದ ಕಡಿಮೆ ರೋಗಾಣು ಇದ್ದರೂ ಸಿಗುತ್ತದೆ.

ಎಲೈಸಾ ಕಟ್-ಆಫ್ (ಇದಕ್ಕಿಂತ ಮೇಲಿದ್ದರೆ ಪಾಸಿಟಿವ್ ಎನ್ನುವ ಗಡಿ) ಬಗ್ಗೆ ಒಂದೇ ಮಾತು: ನಮ್ಮ ಜಿಲ್ಲೆಯ ಆರೋಗ್ಯವಂತರ ಸೀರಂ ನೋಡಿಯೇ ನಿಗದಿಯಾಗಬೇಕು.

ಇವೆಲ್ಲಕ್ಕಿಂತ ಒಳ್ಳೆಯ ಮಾದರಿ ಎಸ್ಕಾರ್, ಕಚ್ಚಿದಲ್ಲಿ ಕಟ್ಟುವ ಕಪ್ಪು ಹಕ್ಕಳೆ. ಈ ರೋಗಕ್ಕೆ ಕೊಡುವ ಆ್ಯಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಶುರುವಾದ ಮೇಲೂ ಅದರಲ್ಲಿ ಡಿಎನ್‌ಎ ಕೆಲ ದಿನ ಉಳಿದಿರುತ್ತದೆ. ಚಿಕ್ಕಮ್ಮನಿಗೆ ಅದು ಸೊಂಟದಲ್ಲಿ, ಸೀರೆ ಗಂಟಿನ ಕೆಳಗೇ ಇತ್ತು. ನೋವಿರಲಿಲ್ಲವಾದ್ದರಿಂದ ಅವರು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.