ಫೆರೋಕ್ರೋಮ್ ಅಂದ್ರೆ ಏನು, ಕ್ರೋಮ್ ಅದಿರಿಂದ ಅದನ್ನ ಹೆಂಗೆ ಮಾಡ್ತಾರೆ

ಫೆರೋಕ್ರೋಮ್ ಅಂದ್ರೆ ಕಬ್ಬಿಣ, ಕ್ರೋಮಿಯಂ ಸೇರಿರೋ ಮಿಶ್ರಲೋಹ. ಕ್ರೋಮಿಯಂ ಸುಮಾರು 50ರಿಂದ 70 ಪರ್ಸೆಂಟ್ ಇರುತ್ತೆ. ಬಹುಪಾಲು ಹೋಗೋದು ಸ್ಟೇನ್‌ಲೆಸ್ ಸ್ಟೀಲ್ ಮಾಡೋಕೆ, ಯಾಕಂದ್ರೆ ಸ್ಟೀಲಿಗೆ ಆ ಹೆಸರು ಬರ್ಬೇಕು ಅಂದ್ರೆ ಕನಿಷ್ಠ 10.5 ಪರ್ಸೆಂಟ್ ಕ್ರೋಮಿಯಂ ಇರ್ಬೇಕು.

ಶುದ್ಧ ಕ್ರೋಮಿಯಂನೇ ಹಾಕ್ಬಾರ್ದಾ ಅಂತ ಕೇಳ್ಬಹುದು. ಹಾಕ್ಬಹುದು, ಆದ್ರೆ ಅದು ದುಬಾರಿ, ಬೇಕಾಗೂ ಇಲ್ಲ. ಕ್ರೋಮೈಟ್ ಅದಿರಲ್ಲಿ ಕ್ರೋಮಿಯಂ, ಕಬ್ಬಿಣ ಎರಡೂ ಆಕ್ಸಿಜನ್ ಜೊತೆ ಒಂದೇ ಹರಳಲ್ಲಿ ಸೇರ್ಕೊಂಡಿರುತ್ತೆ, ಕೊನೆಗೆ ಹೋಗೋದೂ ಕಬ್ಬಿಣಕ್ಕೇ ಅಂದ್ಮೇಲೆ ಅವೆರಡನ್ನ ಬೇರೆ ಮಾಡೋಕೆ ಯಾಕೆ ಒದ್ದಾಡ್ಬೇಕು? ತೆಗೀಬೇಕಾಗಿರೋದು ಆಕ್ಸಿಜನ್ ಮಾತ್ರ.

ಅದನ್ನ ತೆಗೆಯೋದು ಕಾರ್ಬನ್. ಅದಿರಿಗೆ ಕೋಕ್ (ಕಲ್ಲಿದ್ದಲಿಂದ ಮಾಡಿದ ಕಾರ್ಬನ್ ತುಂಬಿರೋ ಇಂಧನ) ಹಾಕಿ, ಜೊತೆಗೆ ಬೇಡದ ಕಲ್ಮಶ ಕರಗಿ ಬೇರೆಯಾಗ್ಲಿ ಅಂತ ಕ್ವಾರ್ಟ್ಜೈಟ್ ಕಲ್ಲು, ಸುಣ್ಣದಕಲ್ಲು ಅಂಥವನ್ನ ಸೇರಿಸಿ ಕುಲುಮೆಗೆ ತುಂಬ್ತಾರೆ. ಅದಿರು ಪುಡಿ ಪುಡಿ ಇದ್ರೆ ನೇರವಾಗಿ ಜಾಸ್ತಿ ಹಾಕೋ ಹಾಗಿಲ್ಲ, ಒಳಗಿಂದ ಬರೋ ಗ್ಯಾಸಿಗೆ ದಾರಿ ಕಟ್ಟಿ ಒಂದೇ ಸಲ ನುಗ್ಗಿ ಬರೋ ಅಪಾಯ ಇರುತ್ತೆ, ಅದಕ್ಕೆ ಮೊದ್ಲು ಬ್ರಿಕೆಟ್ (ಒತ್ತಿದ ಗಟ್ಟಿ) ಇಲ್ಲಾ ಪೆಲೆಟ್ (ಸಣ್ಣ ಉಂಡೆ) ಮಾಡ್ಕೋತಾರೆ. ಕುಲುಮೆ ಹೆಸ್ರು ಸಬ್‌ಮರ್ಜ್ಡ್ ಆರ್ಕ್ ಫರ್ನೇಸ್, ದಪ್ಪ ದಪ್ಪ ಕಾರ್ಬನ್ ಎಲೆಕ್ಟ್ರೋಡ್‌ಗಳ ತುದಿ ಈ ಮಾಲಿನೊಳಗೆ ಹೂತುಕೊಂಡಿರುತ್ತೆ, ಕರೆಂಟು ಅಲ್ಲಿಂದ ಹರಿದು ಕಾವು ಹುಟ್ಟುತ್ತೆ. ಮೊದ್ಲು ಕಬ್ಬಿಣ ಆಕ್ಸಿಜನ್ ಬಿಟ್ಕೊಡುತ್ತೆ, ಕ್ರೋಮಿಯಂ ಅಷ್ಟು ಸುಲಭಕ್ಕೆ ಬಿಡಲ್ಲ, ಅದಕ್ಕೆ ಇನ್ನೂ ಜಾಸ್ತಿ ಕಾವು ಬೇಕು. ಬಿಟ್ಟ ಆಕ್ಸಿಜನ್ ಕಾರ್ಬನ್ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗಿ ಮೇಲೆ ಹೋಗುತ್ತೆ. ಅದು ವಿಷದ ಗ್ಯಾಸು, ಆದ್ರೆ ಉರಿಯುತ್ತೆ ಕೂಡ, ಮುಚ್ಚಿದ ಕುಲುಮೆಗಳಲ್ಲಿ ಅದನ್ನ ಹಿಡಿದು ಅದಿರು ಕಾಯಿಸೋಕೆ ಬಳಸ್ತಾರೆ.

ಹೊತ್ತು ಹೊತ್ತಿಗೆ ಕುಲುಮೆ ಬುಡದ ಟ್ಯಾಪ್ ಹೋಲ್ ಕೊರೆದು ತೆಗೀತಾರೆ. ಕರಗಿದ ಲೋಹ, ಸ್ಲ್ಯಾಗು (ಕರಗಿದ ಕಲ್ಮಶ) ಎರಡೂ ಹರಿದು ಬರುತ್ತೆ, ಲೋಹ ಭಾರ, ಅದು ಕೆಳಗೆ ಉಳಿಯುತ್ತೆ, ಸ್ಲ್ಯಾಗು ಮೇಲೆ ತೇಲಿ ಪಕ್ಕಕ್ಕೆ ಹೋಗುತ್ತೆ. ಲೋಹನ ಅಚ್ಚಿಗೆ ಹುಯ್ದು, ಆರಿದ್ಮೇಲೆ ಒಡೆದು ಸೈಜ್ ಪ್ರಕಾರ ಜರಡಿ ಹಿಡೀತಾರೆ. ಇದಕ್ಕೆ ತಿನ್ನೋ ಕರೆಂಟು ವಿಪರೀತ, ಒಂದು ಟನ್ನಿಗೆ 3,000ದಿಂದ 4,000 ಯೂನಿಟ್ ಆಸುಪಾಸು, ಹಾಗಾಗಿ ಅದಿರು ಇದ್ರಷ್ಟೇ ಸಾಲ್ದು, ಕರೆಂಟು ಅಗ್ಗಕ್ಕೆ ಸಿಗದೆ ಇದ್ರೆ ಈ ಉದ್ಯಮ ನಿಲ್ಲೋದೇ ಕಷ್ಟ.

ಅದಿರಲ್ಲಿ ಕಬ್ಬಿಣಕ್ಕೆ ಹೋಲಿಸಿದ್ರೆ ಕ್ರೋಮಿಯಂ ಎಷ್ಟಿದೆ ಅನ್ನೋದ್ರ ಮೇಲೆ ಮಾಲಿನ ದರ್ಜೆ ನಿಂತಿದೆ. ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಅದಿರಲ್ಲಿ ಆ ಅನುಪಾತ ಕಮ್ಮಿ, ಅಲ್ಲಿಂದ ಬರೋದು ಕ್ರೋಮಿಯಂ 50 ಪರ್ಸೆಂಟ್ ಚಿಲ್ರೆ ಇರೋ, ಚಾರ್ಜ್ ಕ್ರೋಮ್ ಅನ್ನೋ ದರ್ಜೆಯ ಫೆರೋಕ್ರೋಮ್.

ಇನ್ನೊಂದು ವಿಷ್ಯ, ಕೋಕ್ ಬಳಸಿದ್ರೆ ಲೋಹದೊಳಗೆ 6ರಿಂದ 8 ಪರ್ಸೆಂಟ್ ಕಾರ್ಬನ್ ಸೇರ್ಕೊಳ್ಳುತ್ತೆ, ಸ್ಟೇನ್‌ಲೆಸ್‌ಗೆ ಇದು ಬೇಡ. ಹಿಂದೆ ಇದಕ್ಕೇ ಅಂತ ಸಿಲಿಕಾನ್ ಇಲ್ಲಾ ಅಲ್ಯೂಮಿನಿಯಂ ಬಳಸಿ ಮಾಡೋ ಲೋ ಕಾರ್ಬನ್ ಫೆರೋಕ್ರೋಮ್ ಜಾಸ್ತಿ ಬೇಕಾಗ್ತಿತ್ತು, ಅದು ದುಬಾರಿ. 1960ರ ದಶಕದ ಕೊನೇಲಿ ಎಒಡಿ (ಆರ್ಗಾನ್ ಆಕ್ಸಿಜನ್ ಡಿಕಾರ್ಬರೈಸೇಶನ್, ಅಂದ್ರೆ ಈ ಗ್ಯಾಸುಗಳಿಂದ ಕಾರ್ಬನ್ ತೆಗೆಯೋ) ವಿಧಾನ ಬಳಕೆಗೆ ಬಂತು, ಕರಗಿದ ಸ್ಟೀಲಿಗೆ ಆರ್ಗಾನ್, ಆಕ್ಸಿಜನ್ ಒಟ್ಟಿಗೆ ಊದಿದ್ರೆ ಕ್ರೋಮಿಯಂ ಹೆಚ್ಚು ಸುಡದೇನೇ ಕಾರ್ಬನ್ ಹೋಗುತ್ತೆ. ಅಲ್ಲಿಂದ ಅಗ್ಗದ ಹೈ ಕಾರ್ಬನ್ ಮಾಲೇ ಸ್ಟೇನ್‌ಲೆಸ್‌ಗೆ ಸಾಕಾಯ್ತು.