ಗಿಗಾಹರ್ಟ್ಸ್ ನೋಡಿ ಡೆಸ್ಕ್‌ಟಾಪ್ ಅಳೆಯಬೇಡಿ

2004ರ ಕೊನೆಯಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಪೆಂಟಿಯಂ 4 ಪ್ರೊಸೆಸರ್‌ನ ಕ್ಲಾಕ್ ವೇಗ 3.8 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 380 ಕೋಟಿ ಮಿಡಿತ. 2022ರಲ್ಲಿ ಎಎಂಡಿ ತಂದ ರೈಜನ್ 7 5800ಎಕ್ಸ್3ಡಿಯದು 3.4, ಟರ್ಬೊದಲ್ಲಿ (ಅಗತ್ಯಬಿದ್ದಾಗ ತಾನೇ ಏರಿಸಿಕೊಳ್ಳುವ ವೇಗ) 4.5ರವರೆಗೆ ಹೋಗುತ್ತದೆ. ಅಂಕಿ ಮಾತ್ರ ನೋಡುವವರಿಗೆ ಇಷ್ಟು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಿಲ್ಲ ಅನ್ನಿಸಬೇಕು. ಆದರೆ ಎರಡಕ್ಕೂ ಒಂದೇ ಕೆಲಸ ಕೊಟ್ಟು, ಒಂದೇ ಕೋರ್ (ಚಿಪ್ಪಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ) ಬಳಸಿದರೂ ಹೊಸದು ಹಲವು ಪಟ್ಟು ಬೇಗ ಮುಗಿಸುತ್ತದೆ.

ಕ್ಲಾಕ್ ಅಲ್ಲಿಗೇ ನಿಂತದ್ದೇಕೆ? ಚಿಪ್ ಎಳೆಯುವ ವಿದ್ಯುತ್ತು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಚಿಪ್ಪಿನ ಸೂಕ್ಷ್ಮ ಸ್ವಿಚ್ಚಾದ ಟ್ರಾನ್ಸಿಸ್ಟರ್ ಕಿರಿದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಶಾಖ ಹೆಚ್ಚಿಸದೆ ವೇಗ ಏರಿಸಬಹುದು ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ಅದೇ ದಾರಿ ನಡೆಯಿತು. ವೋಲ್ಟೇಜ್ ಒಂದು ವೋಲ್ಟಿನ ಆಸುಪಾಸಿಗೆ ಬಂದಾಗ ಟ್ರಾನ್ಸಿಸ್ಟರ್ ‘ಆಫ್’ ಇದ್ದರೂ ಸೋರುವ ವಿದ್ಯುತ್ತು ಹೆಚ್ಚಾಗಿ, ಇನ್ನಷ್ಟು ಇಳಿಸುವುದು ಕಷ್ಟವಾಯಿತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವುದಾಗಿ ಹೇಳಿದ್ದ ಇಂಟೆಲ್, 2004ರ ಅಕ್ಟೋಬರಿನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು.

ಆ ಪೆಂಟಿಯಂ 4ರ 3.8 ಕೂಡ ಸ್ವಲ್ಪ ಮೋಸದ ಅಂಕಿಯೇ. ಪ್ರತಿ ಆದೇಶವೂ ಹಂತಹಂತವಾಗಿ ಸಾಗುವ ಅದರ ಪೈಪ್‌ಲೈನಿಗೆ 31 ಹಂತಗಳಿದ್ದವು. ಹಂತ ಹೆಚ್ಚಿದಷ್ಟೂ ಪ್ರತಿ ಹಂತದ ಕೆಲಸ ಚಿಕ್ಕದಾಗುತ್ತದೆ, ಕ್ಲಾಕ್ ಏರಿಸಲು ಅನುಕೂಲ. ತೊಂದರೆ ಬರುವುದು ಪ್ರೋಗ್ರಾಂ ಕವಲೊಡೆಯುವ ಕಡೆ. ಮುಂದೆ ಯಾವ ದಾರಿ ಎಂದು ಪ್ರೊಸೆಸರ್ ಮೊದಲೇ ಊಹಿಸಿ ಕೆಲಸ ಶುರುಮಾಡಿರುತ್ತದೆ; ಊಹೆ ತಪ್ಪಿದರೆ ಒಳಗೆ ತುಂಬಿಕೊಂಡದ್ದನ್ನೆಲ್ಲ ಚೆಲ್ಲಿ ಮೊದಲಿನಿಂದ ತುಂಬಬೇಕು. 2006ರ ಕೋರ್ 2 ಡುಯೊ ಪೈಪ್‌ಲೈನ್ ಗಿಡ್ಡ ಮಾಡಿ, ಒಂದು ಕ್ಲಾಕಿನಲ್ಲಿ ಹೆಚ್ಚು ಆದೇಶಗಳನ್ನು ಮುಗಿಸಿತು. ಅದರ 2.4 ಗಿಗಾಹರ್ಟ್ಸ್ ಮಾದರಿಯ ಮುಂದೆ 3.8ರ ಪೆಂಟಿಯಂ ನಿಲ್ಲಲಾಗಲಿಲ್ಲ. ಅಲ್ಲಿಂದಾಚೆಗಿನ ಏರಿಕೆಯ ದೊಡ್ಡ ಪಾಲು ಬಂದದ್ದು ಇದೇ ದಾರಿಯಲ್ಲಿ: ಊಹೆ ತಪ್ಪುವುದನ್ನು ಕಡಿಮೆ ಮಾಡುವುದು, ಸಾಲಿನಲ್ಲಿ ಹೆಚ್ಚು ಆದೇಶ ಇಟ್ಟುಕೊಂಡು ಯಾವುದು ಸಿದ್ಧವೋ ಅದನ್ನು ಮೊದಲು ಮಾಡುವುದು. ಪೆಂಟಿಯಂ 4 ಹೀಗೆ 126 ಸೂಕ್ಷ್ಮ ಆದೇಶಗಳ ಮೇಲೆ ಕಣ್ಣಿಡುತ್ತಿತ್ತು. 2021ರ ಹನ್ನೆರಡನೇ ತಲೆಮಾರಿನ ಇಂಟೆಲ್‌ನ ದೊಡ್ಡ ಕೋರ್ 512ರ ಮೇಲೆ. ಮೇಲಿನ ದರ್ಜೆಗೆ ಐ7, ಕೆಳಗಿನದಕ್ಕೆ ಐ3 ಎಂಬ ಇಂಟೆಲ್ ಸ್ಟಿಕ್ಕರನ್ನೂ ಇದೇ ಕಾರಣಕ್ಕೆ ನಂಬಬಾರದು. 2011ರ ಐ7-2600ಕೆ ಮತ್ತು 2022ರ ಐ3-12100, ಎರಡಕ್ಕೂ ನಾಲ್ಕೇ ಕೋರ್, ಎಂಟೇ ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಆದೇಶಗಳ ಸರಣಿ). ವೇಗದಲ್ಲಿ ಐ3 ಬಹಳ ಮುಂದೆ.

ಸಾಲಿನಲ್ಲಿ ಅಷ್ಟು ಆದೇಶ ಏಕೆ ಬೇಕೆಂದರೆ, ಪ್ರೊಸೆಸರ್‌ನ ಬಹುಪಾಲು ಕಷ್ಟ ಕಾಯುವುದರಲ್ಲಿದೆ. ಮುಖ್ಯ ಮೆಮೊರಿಯಿಂದ ಒಂದು ಮಾಹಿತಿ ಬರಲು ಸುಮಾರು 80 ನ್ಯಾನೋಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. 4 ಗಿಗಾಹರ್ಟ್ಸ್‌ನಲ್ಲಿ ಅದು 320 ಕ್ಲಾಕ್. ಈ ಕಾಯುವಿಕೆ ಎರಡು ದಶಕಗಳಲ್ಲಿ ಹೆಚ್ಚೇನೂ ತಗ್ಗಿಲ್ಲ. ಅದರ ಒಂದು ಭಾಗವನ್ನು ಲೆಕ್ಕ ಹಾಕಿ ನೋಡಬಹುದು: ಡಿಡಿಆರ್3-1600 ಮೆಮೊರಿಯ ಕ್ಲಾಕ್ 800 ಮೆಗಾಹರ್ಟ್ಸ್, ಒಂದು ಕ್ಲಾಕಿಗೆ 1.25 ನ್ಯಾನೋಸೆಕೆಂಡ್; ಸಿಎಲ್ (ಮೆಮೊರಿ ಉತ್ತರಿಸಲು ತೆಗೆದುಕೊಳ್ಳುವ ಕ್ಲಾಕ್ ಸಂಖ್ಯೆ) 9 ಆದರೆ 11.25 ನ್ಯಾನೋಸೆಕೆಂಡ್. ಡಿಡಿಆರ್5-6000, ಸಿಎಲ್ 30 ಆದರೆ ಸರಿಯಾಗಿ 10. ಒಂದು ಚಾನೆಲ್ (ಮೆಮೊರಿ ಮತ್ತು ಪ್ರೊಸೆಸರ್ ನಡುವಿನ ದಾರಿ) ಸಾಗಿಸುವ ಪ್ರಮಾಣ ಮಾತ್ರ ಸೆಕೆಂಡಿಗೆ 12.8 ಜಿಬಿಯಿಂದ 48 ಜಿಬಿಗೆ ಏರಿದೆ. ಅಂದರೆ ಒಟ್ಟಿಗೆ ಬಹಳಷ್ಟು ತರಬಲ್ಲದು, ಮೊದಲ ತುಣುಕು ಬರುವ ಹೊತ್ತು ಅಷ್ಟೇ.

ಹಾಗಾಗಿ ಪ್ರೊಸೆಸರ್ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿ, ಅಂದರೆ ಕ್ಯಾಶ್ ಮುಖ್ಯವಾಗುತ್ತದೆ. ಆರಂಭದಲ್ಲಿ ಹೇಳಿದ 5800ಎಕ್ಸ್3ಡಿ, ತನ್ನ ಅಣ್ಣ 5800ಎಕ್ಸ್‌ಗಿಂತ ಕ್ಲಾಕಿನಲ್ಲಿ ಹಿಂದೆ: 4.7ರ ಬದಲು 4.5. ಮೂರನೇ ಹಂತದ ಕ್ಯಾಶ್ ಮಾತ್ರ 32 ಎಂಬಿಯ ಬದಲು 96 ಎಂಬಿ. ಬಹಳಷ್ಟು ಗೇಮ್‌ಗಳಲ್ಲಿ ತಮ್ಮನೇ ಮುಂದೆ, 3ಡಿ ರೆಂಡರಿಂಗ್‌ನಲ್ಲಿ ತುಸು ಹಿಂದೆ. ಯಾವುದು ವೇಗ ಎಂಬ ಪ್ರಶ್ನೆಗೆ ಯಾವ ಕೆಲಸಕ್ಕೆ ಎಂದು ತಿರುಗಿ ಕೇಳಲೇಬೇಕು.

ಕೋರ್‌ಗಳ ಸಂಖ್ಯೆಯ ಕಥೆಯೂ ಹೀಗೇ. ಕೆಲಸದ ಶೇ. 80 ಭಾಗವನ್ನು ಹಂಚಿಕೊಳ್ಳಬಹುದಾದರೆ ಎಂಟು ಕೋರ್‌ನಲ್ಲಿ ಸಿಗುವ ವೇಗ 3.3 ಪಟ್ಟು, ಕೋರ್ ಎಷ್ಟೇ ಸೇರಿಸಿದರೂ 5 ಪಟ್ಟು ದಾಟದು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ ಈ ಲೆಕ್ಕ ಇಂದಿಗೂ ಬದಲಾಗಿಲ್ಲ.

ಹಳೆಯ ಡೆಸ್ಕ್‌ಟಾಪ್ ನಿಧಾನ ಎಂದು ದೂರುವವರಲ್ಲಿ ಹೆಚ್ಚಿನವರು ನಿಜಕ್ಕೂ ದೂರುತ್ತಿರುವುದು ಹಾರ್ಡ್ ಡಿಸ್ಕನ್ನು. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೆ ಹೆಡ್ ಚಲಿಸುವ ಸುಮಾರು 9 ಮಿಲಿಸೆಕೆಂಡ್ ಸೇರಿಸಿ: ಒಟ್ಟು 13. ಚದುರಿದ ಫೈಲ್‌ಗಳನ್ನು ಓದುವಾಗ ಸೆಕೆಂಡಿಗೆ 75 ಓದು. 4 ಕೆಬಿ ತುಣುಕುಗಳಾದರೆ ಬರೀ 300 ಕೆಬಿ. ತಿರುಗುವ ಭಾಗವಿಲ್ಲದ, ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಜೋಡಿಸುವ ಸಾಟಾ ಎಸ್‌ಎಸ್‌ಡಿ ಇದೇ ಕೆಲಸವನ್ನು ನೂರು ಪಟ್ಟು ಬೇಗ ಮಾಡುತ್ತದೆ. ಅದರಿಂದ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಯಾದ ಎನ್‌ವಿಎಂಇಗೆ ಹೋದರೆ ದೊಡ್ಡ ಫೈಲ್ ನಕಲು ಮಾಡುವಾಗ ಸೆಕೆಂಡಿಗೆ 550 ಎಂಬಿ ಇದ್ದದ್ದು 3,500, 7,000 ಆಗುತ್ತದೆ ನಿಜ, ಆದರೆ ವಿಂಡೋಸ್ ತೆರೆಯುವ ಹೊತ್ತು ಹೆಚ್ಚೇನೂ ಇಳಿಯದು. ಡಿಸ್ಕ್ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಲ್ಲಿ ಮೇಲಿನ ದೊಡ್ಡ ಅಂಕಿ ಬಿಟ್ಟು, ಚದುರಿದ 4 ಕೆಬಿ ತುಣುಕುಗಳ ವೇಗ ತೋರಿಸುವ ಕೊನೆಯ ಸಾಲಿನ ‘ಆರ್‌ಎನ್‌ಡಿ4ಕೆ ಕ್ಯೂ1ಟಿ1’ ನೋಡಿ.

ಎರಡು ಯಂತ್ರಗಳನ್ನು ನೀವೇ ಹೋಲಿಸುವುದಾದರೆ ಫೈಲ್ ಕುಗ್ಗಿಸುವ ತಂತ್ರಾಂಶ 7-ಜಿಪ್ ಸಾಕು. ಅದರ ಟೂಲ್ಸ್ ಮೆನುವಿನಲ್ಲೇ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ಇದೆ. ಎರಡರಲ್ಲೂ ಒಂದೇ ಆವೃತ್ತಿ, ಒಂದೇ ಡಿಕ್ಷನರಿ ಗಾತ್ರ ಇರಲಿ. ಮೊದಲು ಒಂದು ಥ್ರೆಡ್, ಆಮೇಲೆ ಎಲ್ಲ ಥ್ರೆಡ್. ಹೊಸದಾಗಿ ವಿಂಡೋಸ್ ಹಾಕಿದ್ದರೆ ಅಪ್‌ಡೇಟ್, ಇಂಡೆಕ್ಸಿಂಗ್ ಮುಗಿಯುವವರೆಗೆ ಬಿಟ್ಟು, ನಂತರ ಮೂರು ಸಲ ಓಡಿಸಿ ನಡುವಿನ ಅಂಕಿ ತೆಗೆದುಕೊಳ್ಳಿ. ಸಿನೆಬೆಂಚ್ ಎಂಬ ಇನ್ನೊಂದು ಪರೀಕ್ಷೆ ಬಳಸುವವರು ನೆನಪಿಡಬೇಕಾದದ್ದು: ಆರ್15, ಆರ್20, ಆರ್23 ಆವೃತ್ತಿಗಳ ಅಂಕಗಳನ್ನು ಪರಸ್ಪರ ಹೋಲಿಸಲಾಗದು. 2018ಕ್ಕಿಂತ ಹಿಂದಿನ ವಿಮರ್ಶೆಗಳ ಅಂಕವನ್ನೂ ಹಾಗೇ ಎತ್ತಿಕೊಳ್ಳಬೇಡಿ. ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಗಳಿಗೆ ಆ ವರ್ಷ ಬಂದ ತೇಪೆಗಳು ಹಳೆಯ ಪ್ರೊಸೆಸರ್‌ಗಳನ್ನೇ ಹೆಚ್ಚು ನಿಧಾನಗೊಳಿಸಿದವು. ಬೂಟ್ ಸಮಯ ಅಳೆಯುವಾಗ ‘ಶಟ್‌ಡೌನ್’ ಮಾಡಿ ತೆರೆದರೆ ಹಿಂದಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಳ್ಳುವ ಫಾಸ್ಟ್ ಸ್ಟಾರ್ಟಪ್ ಲೆಕ್ಕ ಕೆಡಿಸುತ್ತದೆ; ‘ರೀಸ್ಟಾರ್ಟ್’ ಕೊಡಿ.

ಅಂಕ ನಿರೀಕ್ಷೆಗಿಂತ ಕಡಿಮೆ ಬಂದರೆ ಮೊದಲ ಶಂಕಿತ ಶಾಖ. ಹೀಟ್‌ಸಿಂಕ್ ಧೂಳು, ಒಣಗಿದ ಥರ್ಮಲ್ ಪೇಸ್ಟ್ ಇದ್ದರೆ ಮೊದಲ ಓಟ ಚೆನ್ನಾಗಿದ್ದು ನಂತರದವು ಕುಸಿಯುತ್ತವೆ. ಎರಡನೆಯದು ಮೆಮೊರಿ. ಒಂದೇ ಸ್ಟಿಕ್ ಹಾಕಿದ್ದರೆ ಚಾನೆಲ್ ಒಂದೇ. ಎಕ್ಸ್‌ಎಂಪಿ (ಮೆಮೊರಿಯನ್ನು ಹೇಳಿದ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ಸ್ಟಿಕ್ 2133ರಲ್ಲೇ ಓಡುತ್ತಿರಬಹುದು. ಇದನ್ನು ನೋಡಲು ಬಳಸುವ ಸಿಪಿಯು-ಜಡ್ ತಂತ್ರಾಂಶ ಅರ್ಧ ಅಂಕಿ ತೋರಿಸುತ್ತದೆ, 1600 ಎಂದರೆ 3200, ಗಾಬರಿ ಬೇಡ.

ಕೆಲವು ಕಡೆ ಹಳೆಯದು ಸ್ವಲ್ಪವಲ್ಲ, ಪೂರ್ತಿ ಸೋಲುತ್ತದೆ. ಆ ಐ7-2600ಕೆಯ ಒಳಗಿನ ಗ್ರಾಫಿಕ್ಸ್ ಎಚ್.264 ವಿಡಿಯೊವನ್ನು ಸಲೀಸಾಗಿ ಬಿಡಿಸುತ್ತದೆ, ವಿಪಿ9 ಮತ್ತು ಎವಿ1 ಎಂಬ ಹೊಸ ವಿಡಿಯೊ ಸ್ವರೂಪಗಳು ಅದಕ್ಕೆ ಗೊತ್ತಿಲ್ಲ. ಆ ಹೊರೆ ಕೋರ್‌ಗಳ ಮೇಲೆ ಬಿದ್ದು, 4ಕೆ ವಿಡಿಯೊ ತಡವರಿಸುತ್ತದೆ. ಇದಕ್ಕೆ ಪ್ರೊಸೆಸರ್ ಬದಲಿಸುವ ಅಗತ್ಯವಿಲ್ಲ. ಆ ವಿಡಿಯೊ ಬಿಡಿಸಬಲ್ಲ ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕಿದರಾಯಿತು.

ಹತ್ತು ಹನ್ನೆರಡು ವರ್ಷದ ಹಳೆಯ ಯಂತ್ರ ಬರವಣಿಗೆಗೆ, ಬ್ರೌಸಿಂಗ್‌ಗೆ ಮಾತ್ರವಾದರೆ ಸಾಟಾ ಎಸ್‌ಎಸ್‌ಡಿ ಮತ್ತು ಜೋಡಿ ಸ್ಟಿಕ್‌ಗಳಲ್ಲಿ 8 ಅಥವಾ 16 ಜಿಬಿ ಮೆಮೊರಿ ಹಾಕಿ ಮುಂದುವರಿಸಬಹುದು. ಅಡಾಪ್ಟರ್ ಹಾಕಿ ಎನ್‌ವಿಎಂಇ ಸೇರಿಸಲು ಹೊರಡಬೇಡಿ: 2014ಕ್ಕಿಂತ ಹಿಂದಿನ ಹೆಚ್ಚಿನ ಮದರ್‌ಬೋರ್ಡ್‌ಗಳು ಅದರಿಂದ ಬೂಟ್ ಆಗುವುದಿಲ್ಲ. ವಿಂಡೋಸ್ ಹಾಕುವ ಮುನ್ನವೇ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಮಾತಾಡುವ ಕ್ರಮ, ಹಳೆಯ ಐಡಿಇ ಇದ್ದರೆ ಹೊಸ ಎಎಚ್‌ಸಿಐಗೆ ಬದಲಿಸಿ. ಹಾಕಿದ ಮೇಲೆ ಬದಲಿಸಿದರೆ ಡ್ರೈವರ್ ಸಿಗದೆ ನೀಲಿ ಪರದೆಯಲ್ಲಿ ನಿಂತುಬಿಡುವ ಸಾಧ್ಯತೆ ಹೆಚ್ಚು.