ಮನೆ ಪ್ರಾರ್ಥನೆ ಅಂದರೆ ಮಗನಿಗೆ ಹೊಟ್ಟೆನೋವು, ಮಗಳಿಗೆ ನಿದ್ದೆ. ಏನು ಮಾಡೋದು?

ಪ್ರಶ್ನೆ: ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ರಾತ್ರಿ ಊಟ ಆದ ಮೇಲೆ ಮನೆ ಪ್ರಾರ್ಥನೆಗೆ ಚಾಪೆ ಹಾಸಿದರೆ ಸಾಕು, ಮಗನಿಗೆ ಹೊಟ್ಟೆನೋವು ಶುರು, ಮಗಳು ತೂಕಡಿಸುತ್ತಾಳೆ. ಗದರಿಸಿ ಕೂರಿಸಿದರೆ ಅಳು. ಆಟ ಆಡಿಸುತ್ತಲೇ ಸತ್ಯವೇದ (ಬೈಬಲ್) ಕಲಿಸಬಹುದು ಅಂತ ಕೆಲವರು ಹೇಳುತ್ತಾರೆ. ಅತ್ತೆಗೆ ಅದು ಹಿಡಿಸೋದಿಲ್ಲ, "ಪ್ರಾರ್ಥನೆ ಏನು ತಮಾಷೆನಾ" ಅಂತಾರೆ. ಯಾವುದು ಸರಿ?

ಉತ್ತರ: ಸಂಡೇ ಸ್ಕೂಲಿನ ಬಾಗಿಲಲ್ಲಿ ನಿಂತು ಎಷ್ಟೋ ತಾಯಂದಿರು ನನ್ನನ್ನು ಇದನ್ನೇ ಕೇಳಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ: ಆಟ ಆಡಿಸಿ, ಧೈರ್ಯವಾಗಿ ಆಡಿಸಿ. ಆದರೆ ಆಟ ಮುಗಿದ ತಕ್ಷಣ "ಇದರಿಂದ ನಾವು ಕಲಿಯುವುದೇನೆಂದರೆ" ಅಂತ ಶುರು ಮಾಡಬೇಡಿ. ಎಲ್ಲ ಕೆಡುವುದು ಅಲ್ಲೇ.

ನಾನು ಬೆಳೆದ ಮನೆಯಲ್ಲಿ ತಾತನ ಪ್ರಾರ್ಥನೆ ಊರೆಲ್ಲ ಸುತ್ತಿಕೊಂಡು ಬರುತ್ತಿತ್ತು. ಮೊದಲು ಅಯ್ಯನವರು, ಅಂದರೆ ಪಾದ್ರಿ, ಆಮೇಲೆ ಸಭೆ, ಆಮೇಲೆ ದೇಶ ಆಳುವವರು, ಆಮೇಲೆ ನೆಂಟರು ಒಬ್ಬೊಬ್ಬರಾಗಿ, ಕೊನೆಗೆ ಕರು ಹಾಕಬೇಕಾದ ಹಸು. ನಾನು ಒಂದು ಕಣ್ಣು ಬಿಟ್ಟು ಮಾಡಿನ ಹೆಂಚು ಎಣಿಸುತ್ತಿದ್ದೆ. ಹಸುವಿನ ಸರದಿ ಬಂದಾಗ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು. ಯಾಕಂದರೆ ಆ ಹಸು ನನಗೆ ಗೊತ್ತಿತ್ತು. ಬೆಳಿಗ್ಗೆ ಅದರ ಕತ್ತು ತುರಿಸಿ ಬಂದಿರುತ್ತಿದ್ದೆ.

ಸತ್ಯವೇದದ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಮಕ್ಕಳಿಗೆ ದೇವರ ಮಾತು ಯಾವಾಗ ಹೇಳಬೇಕು ಅಂತ ಇದೆ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಚಾಪೆ, ಮುಚ್ಚಿದ ಕಣ್ಣು, ಅರ್ಧ ಗಂಟೆ ಇದ್ಯಾವುದೂ ಅಲ್ಲಿಲ್ಲ. ಇನ್ನು ಯೆಹೋಶುವನ ಪುಸ್ತಕದ 4ನೇ ಅಧ್ಯಾಯ ನೋಡಿ. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟುವಾಗ ನಡುಹೊಳೆಯಿಂದ 12 ಕಲ್ಲು ಹೊತ್ತು ತಂದು ನಿಲ್ಲಿಸುತ್ತಾರೆ. ಯಾಕೆ? ಮುಂದೆ ಮಕ್ಕಳು "ಈ ಕಲ್ಲು ಯಾಕೆ" ಅಂತ ಕೇಳಲಿ ಅಂತ. ಐಗುಪ್ತದಿಂದ ಬಿಡುಗಡೆ ಆದ ನೆನಪಿನ ಪಸ್ಕ ಹಬ್ಬದ ವಿಷಯದಲ್ಲೂ ಇದೇ ಕ್ರಮ: ಮಕ್ಕಳು ಕೇಳಿದಾಗ ಹೇಳಿರಿ. ಮೊದಲು ಕಣ್ಣಿಗೆ ಬೀಳುವ ಒಂದು ವಸ್ತು, ಆಮೇಲೆ ಮಗುವಿನ ಪ್ರಶ್ನೆ, ಕೊನೆಗೆ ದೊಡ್ಡವರ ಉತ್ತರ. ನಾವು ಮನೆಯಲ್ಲಿ ಮಾಡುವುದು ಪೂರ್ತಿ ಉಲ್ಟಾ. ಯಾರೂ ಕೇಳದ ಪ್ರಶ್ನೆಗೆ ರಾತ್ರಿ ಒಂಬತ್ತೂವರೆಗೆ ಉತ್ತರ ಓದುತ್ತೇವೆ.

ಹಾಗಾದರೆ ಕಲ್ಲು ನಿಲ್ಲಿಸುವುದು ಹೇಗೆ? ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದ ಒಂದನ್ನು ಹೇಳುತ್ತೇನೆ.

ಹುಡುಗ ದಾವೀದ ಎದುರಿಸಿದ ದೈತ್ಯ ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು ಅಂತ ಒಂದನೇ ಸಮುವೇಲದಲ್ಲಿದೆ. ಮೊಳ, ಗೇಣು ನಮಗೆ ಹೊಸದಲ್ಲ, ಇವತ್ತಿಗೂ ಮಲ್ಲಿಗೆ ಕೊಳ್ಳುವುದು ಮೊಳದ ಲೆಕ್ಕದಲ್ಲೇ ಅಲ್ವಾ. ಒಂದು ಸಂಜೆ ಸೀಮೆಸುಣ್ಣ ತೆಗೆದುಕೊಂಡು ನಡುಮನೆಯ ಗೋಡೆಯ ಮೇಲೆ ಅಳೆಯಲು ಶುರು ಮಾಡಿದೆವು. ಮೊದಲು ಮಗನ ಮೊಳ. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಗೆರೆ, ಅದರ ಮೇಲೆ ಇನ್ನೊಂದು. ನಾಲ್ಕನೇ ಮೊಳಕ್ಕೆ ಸ್ಟೂಲ್ ಬಂತು. ಆರು ಮೊಳ ಒಂದು ಗೇಣು ಮುಗಿದಾಗ ಗೊಲ್ಯಾತ ಅಪ್ಪನಿಗಿಂತ ಒಂದೂಕಾಲು ಅಡಿ ಎತ್ತರ, ಅಷ್ಟೆ. ಮಗನಿಗೆ ಭಾರಿ ನಿರಾಶೆ. "ಇಷ್ಟೇನಾ?"

"ನಿನ್ನ ಕೈ ಚಿಕ್ಕದು ಮಾರಾಯ, ಈಗ ಅಪ್ಪನ ಕೈಯಲ್ಲಿ ಅಳೆ" ಅಂದೆ. ದೊಡ್ಡವರ ಮೊಳ ಸುಮಾರು ಒಂದೂವರೆ ಅಡಿ. ಆ ಲೆಕ್ಕದಲ್ಲಿ ಒಂಬತ್ತು ಮುಕ್ಕಾಲು ಅಡಿ ಆಯಿತು. ನಮ್ಮ ಮನೆಯ ಸೂರು ಹತ್ತು ಅಡಿ. ಮಗ ತಲೆ ಎತ್ತಿ ನೋಡಿ, "ಅಪ್ಪಾ, ಫ್ಯಾನ್ ಹಾಕಿದ್ರೆ ಗೊಲ್ಯಾತನ ತಲೆ ಹೋಯ್ತು!" ಅಂದ. ಆಮೇಲೆ ಕವಚ. 5,000 ಶೆಕೆಲ್ ತಾಮ್ರ ಅಂದರೆ ಹೆಚ್ಚುಕಡಿಮೆ 57 ಕೆಜಿ. ಅಡುಗೆಮನೆಯಲ್ಲಿದ್ದ 25 ಕೆಜಿ ಅಕ್ಕಿ ಮೂಟೆ ಎತ್ತಲು ಹೋಗಿ ಮಗ, ಮಗಳು ಇಬ್ಬರೂ ಮುಗ್ಗರಿಸಿದರು. ಅಂಥ ಎರಡು ಮೂಟೆ ಹೊತ್ತುಕೊಂಡೇ ಯುದ್ಧಕ್ಕೆ ಬಂದಿದ್ದ ಅಂದಾಗ ಬಾಯಿ ತೆರೆದಿದ್ದು ಮುಚ್ಚಲಿಲ್ಲ. (ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಇನ್ನೊಂದು ಮಾತನ್ನೂ ಹೇಳಿ. ಮೃತ ಸಮುದ್ರದ ಹತ್ತಿರ ಸಿಕ್ಕ ಹಳೆಯ ಸುರುಳಿಯಲ್ಲಿ, ಹಳೆಯ ಗ್ರೀಕ್ ಅನುವಾದದಲ್ಲಿ ನಾಲ್ಕು ಮೊಳ ಒಂದು ಗೇಣು ಅಂತಿದೆ. ಯಾವುದು ಸರಿ ಇರಬಹುದು ಅಂತ ಅವರೇ ಜಗಳ ಆಡಲಿ.)

ಅಷ್ಟಕ್ಕೇ ನಿಲ್ಲಿಸಿದೆವು. ನೀತಿ ಹೇಳಲಿಲ್ಲ. ಹೇಳಲು ನಾಲಿಗೆ ತುರಿಸುತ್ತಿತ್ತು ಅನ್ನುವುದು ನಿಜ.

ಎರಡು ದಿನ ಆದ ಮೇಲೆ ಲೈಟ್ ಆರಿಸಿ ಮಲಗಿದಾಗ ಮಗ ಕೇಳಿದ, "ಅಮ್ಮಾ, ದಾವೀದನಿಗೆ ಭಯ ಆಗಲಿಲ್ವಾ?" ಗೊತ್ತಿಲ್ಲ, ನಿಂಗೆ ಆಗ್ತಿತ್ತಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸ್ಕೂಲ್ ವ್ಯಾನಿನಲ್ಲಿ ಇವನ ಟಿಫಿನ್ ಡಬ್ಬಿ ಕಿತ್ತುಕೊಳ್ಳುವ ದೊಡ್ಡ ಹುಡುಗನ ವಿಷಯ ಬಾಯಿಬಿಟ್ಟ. ಮೂರು ವಾರದಿಂದ ನಡೆಯುತ್ತಿತ್ತಂತೆ. ಆ ರಾತ್ರಿಯ ಪ್ರಾರ್ಥನೆ ಎರಡೇ ಸಾಲು, ಅವನೇ ಮಾಡಿದ್ದು.

ನಿಮ್ಮ ನಾಲ್ಕು ವರ್ಷದ ಮಗಳಿಗೆ ಅಡುಗೆಮನೆಯೇ ಸಾಕು. ಮತ್ತಾಯ 13ರಲ್ಲಿ ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿನಲ್ಲಿ ಹುಳಿಹಿಟ್ಟು ಅಡಗಿಸಿಟ್ಟ ಕಥೆ ಬರುತ್ತದೆ, ಒಂದೇ ಒಂದು ವಾಕ್ಯ. ನಮ್ಮ ಭಾಷೆಯಲ್ಲಿ ಈ ಕಥೆಗೆ ಒಂದು ಸೊಗಸಿದೆ. ಹುದುಗು ಅಂದರೆ ಅಡಗು, ಹುದುಗು ಅಂದರೆ ಹುಳಿ ಬಂದು ಉಬ್ಬು. ಎರಡಕ್ಕೂ ಒಂದೇ ಮಾತು. ರಾತ್ರಿ ದೋಸೆ ಹಿಟ್ಟನ್ನು ಗಾಜಿನ ಜಾಡಿಗೆ ಹಾಕಿ, ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಲು ಮಗಳಿಗೆ ಹೇಳಿ. ಜಾಡಿಯ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಅಡುಗೆಕಟ್ಟೆ ಒರೆಸುವ ಕೆಲಸ ನಿಮ್ಮದೇ ಆಗುತ್ತದೆ. ಬೆಳಿಗ್ಗೆ ಎದ್ದು ಓಡಿಹೋಗಿ ನೋಡುತ್ತಾಳೆ. "ಯಾರು ಎತ್ತಿದ್ದು?" ಅಂತ ಕೇಳಿದರೆ ಕಥೆ ಹೇಳಿ. ಕೇಳದಿದ್ದರೆ ದೋಸೆ ಹಾಕಿ ಕೊಡಿ, ಇನ್ನೊಂದು ದಿನ ಕೇಳುತ್ತಾಳೆ.

ಕರೆಂಟ್ ಹೋದ ಸಂಜೆಗೆ ಲೂಕ 15ರ ಕಳೆದುಹೋದ ನಾಣ್ಯ ಹೇಳಿ ಮಾಡಿಸಿದ್ದು. ಒಬ್ಬ ಹೆಂಗಸು ಕಳೆದ ನಾಣ್ಯವನ್ನು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ಕಥೆ ಅದು. ಹತ್ತು ನಾಣ್ಯದಲ್ಲಿ ಒಂದನ್ನು ಬಚ್ಚಿಡಿ. ಒಂದು ದೀಪ, ಒಂದು ಪೊರಕೆ, ಅಷ್ಟೇ ಸಾಮಾನು. ಸಿಕ್ಕ ಮೇಲೆ ಪಕ್ಕದ ಮನೆಯವರನ್ನು ಕರೆಯಲೇಬೇಕು, ಕಥೆಯಲ್ಲಿ ಹಾಗೇ ಇದೆ. ಸಂಡೇ ಸ್ಕೂಲಿನಲ್ಲಿ ಇದನ್ನು ಆಡಿಸಿದಾಗ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಎಲ್ರನ್ನೂ ಕರೆದು ಟೀ ಕೊಟ್ರೆ ಆ ನಾಣ್ಯ ಖರ್ಚಾಗಿ ಹೋಗಲ್ವಾ?" ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಹೌದು, ಖರ್ಚಾಗಬಹುದು, ಆದರೂ ಕರೀತಾಳೆ ನೋಡು ಅಂದೆ.

ಎಲ್ಲ ಪ್ರಶ್ನೆಗೂ ಹೀಗೆ ಸಲೀಸಾಗಿ ಉತ್ತರ ಸಿಗುವುದಿಲ್ಲ. ರಟ್ಟಿನ ಡಬ್ಬಿಯಲ್ಲಿ, ಜಲಪ್ರಳಯದಲ್ಲಿ ತೇಲಿ ಉಳಿದ ನೋಹನ ನಾವೆ ಮಾಡಿದ ದಿನ ನನ್ನ ಮಗ, "ಹೊರಗಡೆ ಇದ್ದ ಪಾಪುಗಳು ಏನಾದ್ವು?" ಅಂದ. ನಾನು ಏನೋ ತಡವರಿಸಿ ಮಾತು ಮರೆಸಿದೆ. ಮಾಡಬಾರದಿತ್ತು. ಮಾರನೆಯ ದಿನ ಕೂರಿಸಿಕೊಂಡು, ಆ ಕಥೆ ಓದುವಾಗ ನನಗೂ ಅಲ್ಲಿ ಕಷ್ಟ ಆಗುತ್ತದೆ ಅಂತ ಹೇಳಿದೆ. ಅಷ್ಟು ಹೇಳಿದ್ದರಿಂದ ಅವನ ನಂಬಿಕೆ ಏನೂ ಕರಗಲಿಲ್ಲ.

ಇನ್ನು ಗದರಿಸುವ ವಿಷಯ. "ಸುಮ್ನೆ ಕೂರು, ಇಲ್ಲಾಂದ್ರೆ ದೇವರು ಕಣ್ಣು ಕುಕ್ತಾನೆ" ಅನ್ನುವ ಮಾತನ್ನು ದಯವಿಟ್ಟು ಮನೆಯಿಂದ ಆಚೆ ಹಾಕಿ. ಮಕ್ಕಳ ಮನಸ್ಸು ಕುಗ್ಗುವ ಹಾಗೆ ಕೆಣಕಬೇಡಿ ಅಂತ ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದಿದ್ದಾನೆ, ಅದೂ ನೇರವಾಗಿ ತಂದೆಯರಿಗೆ. ಲಂಚವೂ ಬೇಡ. ಬಾಯಿಪಾಠದ ವಾಕ್ಯಕ್ಕೆ ಚಾಕಲೇಟ್ ಅಂತ ನಾನು ಒಂದು ವರ್ಷ ಇಟ್ಟಿದ್ದೆ. ತರಗತಿಯ ಅರ್ಧ ಮಕ್ಕಳು ವಾರ ವಾರ ಯೋಹಾನ 11:35 ಒಪ್ಪಿಸಿ ಚಾಕಲೇಟ್ ತಿಂದರು. ಸತ್ಯವೇದದ ಅತಿ ಚಿಕ್ಕ ವಾಕ್ಯಗಳಲ್ಲಿ ಅದೊಂದು, ಯೇಸು ಕಣ್ಣೀರು ಬಿಟ್ಟ ಅನ್ನುವುದು. ತಪ್ಪು ಅವರದಲ್ಲ ಬಿಡಿ.

ಅತ್ತೆಯವರಿಗೆ ಏನು ಹೇಳುವುದು? ಹಬ್ಬಗಳನ್ನು ನೆನಪಿಸಿ. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ಕಿತ್ತು ಬುಟ್ಟಿಯಲ್ಲಿ ತಂದು ಯೇಸುವಿನ ತಾಯಿ ಮರಿಯಮ್ಮನವರಿಗೆ ಎರಚುತ್ತಾರೆ; ಅವರ ಹುಟ್ಟುಹಬ್ಬ ಅದು. ಬಾ ಅಂತ ಯಾರೂ ಗದರಿಸುವುದಿಲ್ಲ. ನಮ್ಮ ಸಭೆಯ ಸುಗ್ಗಿ ಹಬ್ಬವೂ ಹಾಗೇ. ಕಳೆದ ಸಲ ಮಗಳು ಒಡೆದ ಬಕೆಟ್ಟಿನಲ್ಲಿ ಮೆಂತ್ಯ ಬಿತ್ತಿದ್ದಳು. ದಿನಾ ಬೆಳಿಗ್ಗೆ ಲೋಟದಲ್ಲಿ ನೀರು, ಮೂರನೇ ದಿನ ಮೊಳಕೆ, ಮೂರೂವರೆ ವಾರಕ್ಕೆ ಒಂದು ಹಿಡಿ ಸೊಪ್ಪು. ಅದನ್ನು ಬಾಳೆನಾರಿನಲ್ಲಿ ಕಟ್ಟಿಕೊಂಡು ಹೋಗಿ ಕಾಣಿಕೆ ಇಟ್ಟಳು. ಆರಾಧನೆ ಮುಗಿದ ಮೇಲೆ ಹರಾಜಿನಲ್ಲಿ ಆ ಒಂದು ಹಿಡಿ ಸೊಪ್ಪು 150 ರೂಪಾಯಿಗೆ ಹೋಯಿತು. ಕೂಗಿದ್ದು ಯಾರು ಗೊತ್ತಾ? ನಮ್ಮತ್ತೆ. ಅವರೂ ಒಂದು ಕಾಲದಲ್ಲಿ "ಇದು ಪ್ರಾರ್ಥನೆನಾ ನಾಟಕನಾ" ಅಂದವರೇ.

ಚಾಪೆಯ ಪ್ರಾರ್ಥನೆ ಬಿಡಬೇಕು ಅಂತಲ್ಲ. ದೊಡ್ಡವರು ಪ್ರಾರ್ಥನೆ ಮಾಡುವುದನ್ನು ಮಕ್ಕಳು ನೋಡಬೇಕು. ಆದರೆ ಅದನ್ನು ಐದು ನಿಮಿಷಕ್ಕೆ ಇಳಿಸಿ, ಒಂದು ಹಾಡು, ನಾಲ್ಕೈದು ವಾಕ್ಯ, ಎಲ್ಲರೂ ಒಂದೊಂದು ಸಾಲು. ಉದ್ದದ್ದು ಬೇಕಿದ್ದರೆ ಮಕ್ಕಳು ಮಲಗಿದ ಮೇಲೆ ಇದ್ದೇ ಇದೆ. ಹೊಟ್ಟೆನೋವಿನ ಮಗನಿಗೆ ಒಂದು ಕೆಲಸ ಕೊಡಿ: ಪುಟ ಹುಡುಕುವುದು, ಯಾರಿಗಾಗಿ ಪ್ರಾರ್ಥಿಸಬೇಕು ಅಂತ ಹೆಸರು ಹೇಳುವುದು. ನಾಯಿಯ ಹೆಸರು ಹೇಳಿದರೂ ನಗಬೇಡಿ.

ಮಗಳದ್ದು ಇನ್ನೂ ಸುಲಭ. ರಾತ್ರಿ ಒಂಬತ್ತೂವರೆಗೆ ನಾಲ್ಕು ವರ್ಷದ ಮಗುವಿಗೆ ನಿದ್ದೆ ಬರದಿದ್ದರೆ ಆಗ ಯೋಚನೆ ಮಾಡಬೇಕು. ಚಾಪೆಯನ್ನು ಊಟಕ್ಕೆ ಮುಂಚೆ, ಏಳೂವರೆಗೆ ಹಾಸಿ ನೋಡಿ. ಒಲೆ ಮೇಲೆ ಅನ್ನ ಇದ್ದರೆ ದೊಡ್ಡವರ ಪ್ರಾರ್ಥನೆಯೂ ತಾನಾಗಿ ಗಿಡ್ಡ ಆಗುತ್ತದೆ.